ಊಹೆಗೂ ಒಂದು ನ್ಯಾಯವಿದೆ, ಸ್ವಾಮೀ!

"ಗಂಡನೇ ಸಾಯಿಸಿದ್ದು ಕಣ್ರೀ, ಬೇಕಾದ್ರೆ ಬರೆದಿಟ್ಕೊಳ್ಳಿ."

"ಛೇ, ಗಂಡ ಅಲ್ಲ. ಆ ಮ್ಯಾನೇಜರು. ಮೊದಲ ದಿನವೇ ಅವನ ಕೈಗೆ ಬ್ಯಾಂಡೇಜ್ ಇತ್ತು, ನೋಡ್ಲಿಲ್ವಾ?"

ಬೆಳಗಿನ ಬಸ್ಸಿನಲ್ಲಿ ಇಂಥ ಮಾತು ಕಿವಿಗೆ ಬಿದ್ದರೆ ಯಾರೂ ಗಾಬರಿಯಾಗಬೇಕಿಲ್ಲ. ಇದು ಟೀವಿಯೊಳಗಿನ ಕೊಲೆ. ಹಿಂದಿನ ರಾತ್ರಿ ನೋಡಿದ ಪತ್ತೇದಾರಿ ಧಾರಾವಾಹಿಯ ವಿಚಾರಣೆ ಬೆಳಿಗ್ಗೆ ಬಸ್ಸಿನ ಸೀಟಿನ ಮೇಲೆ ನಡೆಯುತ್ತದೆ. ಕಂಡಕ್ಟರೂ ಟಿಕೆಟ್ ಹರಿಯುತ್ತ ತನ್ನದೊಂದು ಸಾಕ್ಷಿ ಹೇಳಿ ಮುಂದೆ ಹೋಗುತ್ತಾನೆ. ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅದೇ ಮೊಕದ್ದಮೆ ಗಲ್ಲಾಪೆಟ್ಟಿಗೆಯ ಮುಂದೆ ಮತ್ತೆ ವಿಚಾರಣೆಗೆ ಬರುತ್ತದೆ.

ಕೆಲಸವಿಲ್ಲದವರ ಕಾಡುಹರಟೆ ಎಂದು ಮೂಗು ಮುರಿಯುವ ದೊಡ್ಡವರಿದ್ದಾರೆ. ನಾವು ಅವರ ಪಕ್ಷವಲ್ಲ. ಕೈಗೆ ಬ್ಯಾಂಡೇಜ್ ಇದ್ದದ್ದನ್ನು ನೋಡಿ, ನೆನಪಿಟ್ಟು, ಅದಕ್ಕೂ ಕೊಲೆಗೂ ಗಂಟು ಹಾಕುವುದು ಬುದ್ಧಿಗೆ ಒಳ್ಳೆಯ ಕಸರತ್ತು. ಆದರೆ ಊಹೆಗೂ ಒಂದು ನ್ಯಾಯವಿದೆ. ಕಥೆ ಮಾಡುವವನೂ ಅದಕ್ಕೆ ಬದ್ಧ, ಕಥೆ ನೋಡುವವನೂ ಬದ್ಧ. ಇಂದಿನ ಮಾತು ಅದರ ಮೇಲೆ.

ಈ ಚಟ ನಮಗೆ ಹೊಸದೇನಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಗೆ ತಂದು ಓದಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಪುಸ್ತಕದಲ್ಲಿ ತಾಳ್ಮೆ ಕೆಟ್ಟರೆ ಕೊನೆಯ ಪುಟ ತಿರುವಿ ಹಾಕಬಹುದಿತ್ತು. 1985ರಲ್ಲಿ ದೂರದರ್ಶನಕ್ಕೆ ಕ್ಯಾರೆಟ್ ಕಡಿಯುವ ‘ಕರಮ್‌ಚಂದ್’ ಬಂದ. ಪಂಕಜ್ ಕಪೂರ್ ಮಾಡಿದ ಪಾತ್ರ. ಅವನನ್ನು ನೋಡಲು ಟೀವಿ ಇದ್ದ ಮನೆಗೆ ನೆರೆಹೊರೆಯೆಲ್ಲ ಸೇರುತ್ತಿತ್ತು.

1990ರ ದಶಕದ ಆರಂಭದಲ್ಲಿ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಬಂತು ನೋಡಿ. ತುಳುನಾಡಿನ ಕಥೆ. ಪ್ರಕಾಶ್ ರೈ ಇನ್ನೂ ಹೆಸರು ಮಾಡುವ ಮುಂಚಿನ ಮಾತು. ಗುಡ್ಡದಲ್ಲಿರುವುದು ಭೂತವೋ, ಭೂತದ ಹೆಸರಿನಲ್ಲಿ ಆಟವಾಡುವ ಮನುಷ್ಯನೋ? ಒಂದು ಕಂತು ಮುಗಿದು ಇನ್ನೊಂದು ಬರುವವರೆಗೆ ಮನೆಮನೆಯಲ್ಲಿ ಎರಡು ಪಕ್ಷ. ತಿರುವಿ ಹಾಕಲು ಕೊನೆಯ ಪುಟವೇ ಕೈಯಲ್ಲಿಲ್ಲ. ಕಾಯಬೇಕು. ಕಾಯುವಾಗ ಬಾಯಿ ಸುಮ್ಮನಿರುತ್ತದೆಯೇ?

ಎಂಟು ತಿಂಗಳ ಕಾತರ

ಇಂಥ ಕಾಯುವಿಕೆಯ ದೊಡ್ಡ ಜಾತ್ರೆ ನಡೆದದ್ದು ಅಮೆರಿಕದಲ್ಲಿ. ಅಲ್ಲಿ ಸಿ.ಬಿ.ಎಸ್. ಟೀವಿಯವರ ‘ಡಲ್ಲಾಸ್’ ಎಂಬ ಧಾರಾವಾಹಿ. ಟೆಕ್ಸಾಸಿನ ಎಣ್ಣೆಬಾವಿ ಸಾಹುಕಾರರ ಮನೆಯ ಕಥೆ. ಮನೆಯ ಹಿರಿಮಗ ಜೆ.ಆರ್. ಅಂದರೆ ಕೇಡಿಗರ ಕೇಡಿಗ. 1980ರ ಮಾರ್ಚ್ 21ರ ಕಂತಿನ ಕೊನೆಗೆ, ಆಫೀಸಿನಲ್ಲಿದ್ದ ಈ ಜೆ.ಆರ್. ಮೇಲೆ ಯಾರೋ ಗುಂಡು ಹಾರಿಸಿದರು. ಮುಖ ತೋರಿಸಲಿಲ್ಲ. ಕಂತು ಮುಗಿಯಿತು, ಆ ವರ್ಷದ ಸರಣಿಯೂ ಮುಗಿಯಿತು.

ಉತ್ತರ ಸಿಕ್ಕಿದ್ದು ಯಾವಾಗ ಅಂತೀರಿ? ನವೆಂಬರ್ 21ಕ್ಕೆ! ನಡುವೆ ನಟರ ಮುಷ್ಕರ ಬಂದು ಇನ್ನಷ್ಟು ತಡವಾಯಿತು. ಆ ಎಂಟು ತಿಂಗಳು ಜನ ಅಂಗಿಯ ಮೇಲೂ ಇದೇ ಪ್ರಶ್ನೆ ಅಚ್ಚು ಹಾಕಿಸಿಕೊಂಡು ತಿರುಗಿದರು. ಇಂಗ್ಲೆಂಡಿನ ಬಾಜಿ ಅಂಗಡಿಗಳಲ್ಲಿ ಒಬ್ಬೊಬ್ಬ ಶಂಕಿತನ ಮೇಲೆ ಒಂದೊಂದು ದರ. ಅದು ಅಧ್ಯಕ್ಷರ ಚುನಾವಣೆಯ ವರ್ಷ. ಗುಂಡು ಹೊಡೆದವನು ಡೆಮಾಕ್ರಟ್ ಎಂದು ರಿಪಬ್ಲಿಕನ್ನರು ಬಿಲ್ಲೆ ಹಂಚಿದರು. ಗುಟ್ಟು ಸೋರದಿರಲೆಂದು ನಿರ್ಮಾಪಕರು ಬೇರೆ ಬೇರೆ ಪಾತ್ರಧಾರಿಗಳ ಕೈಗೆ ಪಿಸ್ತೂಲು ಕೊಟ್ಟು ಹಲವು ದೃಶ್ಯ ತೆಗೆದಿಟ್ಟರು. ಕೊನೆಗೆ ಉತ್ತರದ ರಾತ್ರಿ ಟೀವಿ ಮುಂದೆ ಕುಳಿತವರು ಸುಮಾರು 8 ಕೋಟಿ 30 ಲಕ್ಷ ಎಂದು ಅಂದಾಜು. ಆಗ ಇಡೀ ಅಮೆರಿಕದ ಜನಸಂಖ್ಯೆ 23 ಕೋಟಿ ಮುಟ್ಟಿರಲಿಲ್ಲ.

ಜನ ಸುಮ್ಮನೆ ಕಣ್ಣು ಮುಚ್ಚಿ ಹೆಸರು ಹೇಳುತ್ತಿರಲಿಲ್ಲ, ಗಮನಿಸಿ. ಲೆಕ್ಕ ಇತ್ತು. ಎಣ್ಣೆಬಾವಿಗಳು ಸರ್ಕಾರದ ಪಾಲಾಗುತ್ತವೆ ಎಂದು ಗುಟ್ಟಾಗಿ ತಿಳಿದ ಜೆ.ಆರ್., ತನ್ನ ಪಾಲನ್ನು ಜತೆಯ ವ್ಯಾಪಾರಿಗಳ ತಲೆಗೆ ಕಟ್ಟಿ ಅವರನ್ನು ಮುಳುಗಿಸಿದ್ದ. ಹೆಂಡತಿಯನ್ನು ಆಸ್ಪತ್ರೆಗೆ ತಳ್ಳಿಬಿಡಲು ನೋಡುತ್ತಿದ್ದ. ನಾದಿನಿಯನ್ನು ಬಳಸಿಕೊಂಡು ಊರು ಬಿಡಿಸಲು ಹೊರಟಿದ್ದ. ಕಾರಣ ಎಲ್ಲರಿಗೂ ಇತ್ತು, ಎಲ್ಲವನ್ನೂ ಜನರ ಕಣ್ಣಮುಂದೆಯೇ ಇಟ್ಟಿದ್ದರು. ಪೊಲೀಸರು ಹಿಡಿದದ್ದು ಹೆಂಡತಿ ಸೂ ಎಲೆನ್‌ಳನ್ನ. ಗುಂಡು ಹೊಡೆದವಳು ಆಕೆಯ ತಂಗಿ ಕ್ರಿಸ್ಟಿನ್! ನಲವತ್ತು ವರ್ಷ ಮೀರಿತು, ಈಗ ಹೇಳಿದರೆ ಪಾಪ ಬರೋದಿಲ್ಲ ಬಿಡಿ. ತಪ್ಪು ಊಹೆ ಮಾಡಿದವನೂ "ಅಯ್ಯೋ, ಹೌದಲ್ವಾ!" ಎಂದು ಹಣೆ ಚಚ್ಚಿಕೊಳ್ಳಬಹುದಿತ್ತು. ತೂಕದಲ್ಲಿ ಮೋಸವಿರಲಿಲ್ಲ.

ಖಾತೆ ಪುಸ್ತಕಕ್ಕೇ ಬೆಂಕಿ

ಅದೇ ಡಲ್ಲಾಸಿನವರು ಆಮೇಲೆ ಏನು ಮಾಡಿದರು ಕೇಳಿ. 1985ರಲ್ಲಿ ಜೆ.ಆರ್.ನ ತಮ್ಮ ಬಾಬಿಯನ್ನು ಕಥೆಯಲ್ಲಿ ಸಾಯಿಸಿದರು. ಆ ಪಾತ್ರದ ನಟ ಧಾರಾವಾಹಿ ಬಿಟ್ಟಿದ್ದ. ಒಂದು ವರ್ಷ ಕಥೆ ನಡೆಯಿತು. ನಟ ವಾಪಸು ಬಂದ. ಈಗೇನು ಮಾಡೋದು? 1986ರಲ್ಲಿ ಬಾಬಿ ಬಚ್ಚಲಲ್ಲಿ ಸ್ನಾನ ಮಾಡುತ್ತ ಪ್ರತ್ಯಕ್ಷನಾದ. ಅವನ ಸಾವು, ಆಮೇಲಿನ ಒಂದು ವರ್ಷದ ಕಥೆ, ಎಲ್ಲವೂ ಹೆಂಡತಿ ಕಂಡ ಕನಸು ಎಂದುಬಿಟ್ಟರು!

ಅಂಗಡಿಯವರೇ, ನೀವೇ ಹೇಳಿ. ಒಂದು ವರ್ಷ ಗಿರಾಕಿ ಬರೆಸಿದ ಖಾತೆಯನ್ನು ಹರಿದು ಹಾಕಿ "ಅದೆಲ್ಲ ಕನಸು" ಅಂದರೆ, ಅವನು ಮತ್ತೆ ನಿಮ್ಮ ಮೆಟ್ಟಿಲು ಹತ್ತುತ್ತಾನೆಯೇ? ನೋಡುವವನು ಕೊಟ್ಟದ್ದು ಗಮನ. ಅದು ರೊಕ್ಕಕ್ಕಿಂತ ಕಡಿಮೆಯದಲ್ಲ.

ಇನ್ನೊಂದು ಬಗೆಯ ಪೆಟ್ಟೂ ಇದೆ. 1990ರ ಏಪ್ರಿಲ್‌ನಲ್ಲಿ ಅಲ್ಲಿಯೇ ‘ಟ್ವಿನ್ ಪೀಕ್ಸ್’ ಶುರುವಾಯಿತು. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಅವರದು. ಲಾರಾ ಪಾಮರ್ ಎಂಬ ಶಾಲೆಯ ಹುಡುಗಿಯ ಕೊಲೆ. ಜನ ವಿಡಿಯೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ, ಸುಳಿವು ಹುಡುಕಿದರು. ಕೊಲೆಗಾರ ಯಾರೆಂದು ಬೇಗ ಹೇಳಿ ಎಂದು ಟೀವಿ ಕಂಪನಿ ಒತ್ತಾಯಿಸಿತು. ನವೆಂಬರ್‌ನಲ್ಲಿ ಹೇಳಿದರು. ಆಮೇಲೆ ನೋಡುವವರು ಕರಗುತ್ತ ಹೋಗಿ 1991ರಲ್ಲಿ ಧಾರಾವಾಹಿಯೇ ನಿಂತಿತು. ಚಿನ್ನದ ಮೊಟ್ಟೆಯಿಡುವ ಬಾತುಕೋಳಿಯನ್ನು ಕೊಯ್ದಂತಾಯಿತು ಎಂದು ಲಿಂಚ್ ಆಮೇಲೆ ಕೊರಗಿದ್ದುಂಟು. 2017ರಲ್ಲಿ ಮತ್ತೆ 18 ಕಂತು ಬಂದವು. (ಕೊಲೆಗಾರನ ಹೆಸರು ಇಲ್ಲಿ ಬರೆಯೋದಿಲ್ಲ. ನೋಡಬೇಕೆಂದವರಿಗೆ ನಾವೇಕೆ ಅಡ್ಡಗಾಲು?)

ಉತ್ತರ ಕೊಡದಿದ್ದರೆ ಮೋಸ, ಹೊತ್ತಿಗೆ ಮುಂಚೆ ಕೊಟ್ಟರೆ ನಷ್ಟ. ಇಟ್ಟ ಸುಳಿವಿಗೆ ಕೊಟ್ಟ ಉತ್ತರ ಹೊಂದಬೇಕು. ಜನ ಸರಿಯಾಗಿ ಊಹಿಸಿಬಿಟ್ಟರು ಎಂದು ಕೊನೆ ಗಳಿಗೆಯಲ್ಲಿ ಕೊಲೆಗಾರನನ್ನೇ ಬದಲಾಯಿಸುವುದು ಶುದ್ಧ ಕಳ್ಳತಕ್ಕಡಿ. ಕಥೆ ಮಾಡುವವರಿಗೆ ನಾವು ಹೇಳೋದು ಇಷ್ಟೇ.

ನೋಡುವವರಿಗೂ ಒಂದು ಮಾತು

ಈಗ ಹತ್ತು ಕಂತನ್ನೂ ಮೊಬೈಲಿನಲ್ಲಿ ಒಂದೇ ರಾತ್ರಿ ನೋಡಿ ಮುಗಿಸುವ ಶೂರರಿದ್ದಾರೆ. ಸಂತೋಷ. ಆದರೆ ಬೆಳಿಗ್ಗೆ ಬಸ್ ಹತ್ತಿದ ಕೂಡಲೇ "ಡಾಕ್ಟ್ರೇ ಕೊಂದಿದ್ದು" ಎಂದು ಕೂಗುವುದು ಯಾವ ಶೌರ್ಯ? "ಎಲ್ಲೀವರೆಗೆ ನೋಡಿದ್ರಿ?" ಎಂದು ಮೊದಲು ಕೇಳಿ. ಎರಡನೇ ಕಂತಿನವನ ಜತೆ ಎರಡನೇ ಕಂತಿನಷ್ಟೇ ಮಾತಾಡಿ. ಅವನ ತಪ್ಪು ಊಹೆ ಕೇಳಿ ಒಳಗೊಳಗೇ ನಗುವ ಸುಖವಾದರೂ ನಿಮಗೆ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಬಡಾವಣೆಯಲ್ಲಿ ಕಳ್ಳತನವಾಗುತ್ತದೆ, ಯಾರದೋ ಮನೆ ಹುಡುಗಿ ಕಾಣೆಯಾಗುತ್ತಾಳೆ. ಪೊಲೀಸರು ಮಹಜರು ಬರೆಯುವ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ಅಪರಾಧಿ ತಯಾರು! "ಆ ಬಾಡಿಗೆ ಮನೆಯವನೇ ಇರಬೇಕು, ಯಾರ ಜತೇನೂ ಮಾತಾಡಲ್ಲ" ಅಂತ ಒಬ್ಬರು. "ಹೌದು, ಮೊನ್ನೆ ರಾತ್ರಿ ಲೈಟ್ ಉರೀತಿತ್ತು" ಅಂತ ಇನ್ನೊಬ್ಬರು. ಧಾರಾವಾಹಿಯ ಚಾಳಿ ಬೀದಿಗೆ ಇಳಿಯುವುದು ಹೀಗೆ.

ಇಲ್ಲಿ ಆ ನ್ಯಾಯ ನಡೆಯೋದಿಲ್ಲ, ಸ್ವಾಮೀ. ಧಾರಾವಾಹಿಯಲ್ಲಿ ಬರೆಯುವವನೊಬ್ಬ ಸುಳಿವುಗಳನ್ನು ಆಯ್ದು ನಿಮ್ಮ ಮುಂದೆ ಇಟ್ಟಿರುತ್ತಾನೆ. ಉರಿಯುವ ದೀಪಕ್ಕೂ ಅರ್ಥವಿರುತ್ತದೆ. ನಿಜ ಬದುಕಿನಲ್ಲಿ ರಾತ್ರಿ ದೀಪ ಉರಿದರೆ, ಮಗುವಿಗೆ ಜ್ವರ ಬಂದಿದ್ದೀತು. ಡಲ್ಲಾಸಿನ ಸೂ ಎಲೆನ್ ನೆನಪಿದೆಯಲ್ಲ? ಬೆರಳೆಲ್ಲ ಅವಳ ಕಡೆಗೇ ತೋರಿಸುತ್ತಿದ್ದವು, ಹೊಡೆದವಳು ಅವಳಾಗಿರಲಿಲ್ಲ. ಅವಳನ್ನು ಬಿಡಿಸಲು ಮುಂದಿನ ಕಂತು ಇತ್ತು. ನಮ್ಮ ಬೀದಿಯವನಿಗೆ ಮುಂದಿನ ಕಂತು ಬರೆದುಕೊಡುವವರು ಯಾರು?

ಟೀವಿಯ ಶಂಕಿತನಿಗೆ ಸಂಬಳ ಸಿಗುತ್ತದೆ. ಬೀದಿಯ ಶಂಕಿತನಿಗೆ ಬಾಡಿಗೆ ಮನೆ ತಪ್ಪುತ್ತದೆ, ಅಂಗಡಿಯಲ್ಲಿ ಉದ್ರಿ ನಿಲ್ಲುತ್ತದೆ, ಮಗಳ ಸಂಬಂಧ ಮುರಿಯುತ್ತದೆ. ಆಮೇಲೆ ನಿಜವಾದ ಕಳ್ಳ ಸಿಕ್ಕರೂ, ತಪ್ಪಾಯ್ತು ಅಂತ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳುವವರು ಯಾರೂ ಇರೋದಿಲ್ಲ.

ಆದ್ದರಿಂದ ಕೊಲೆ ಮಾಡಿದ್ದು ಗಂಡನೋ ಮ್ಯಾನೇಜರೋ, ಧಾರಾಳವಾಗಿ ಜಗಳವಾಡಿ. ಪಂಥ ಕಟ್ಟಿ, ಸೋತವರು ಎರಡು ಕಾಫಿ ಕೊಡಿಸಿ. ಪಕ್ಕದ ಮನೆಯವರ ವಿಷಯ ಬಂದಾಗ ಮಾತ್ರ, ಕಂಡದ್ದನ್ನು ಪೊಲೀಸರಿಗೆ ಹೇಳಿ, ಊಹಿಸಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಿ.