ಗೋಡೆಗೆ ತೂಗಿದ ಸಂಶೋಧನೆ ಯಾರ ಭಾಷೆಯಲ್ಲಿ?

ಮಹಾರಾಷ್ಟ್ರದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗಾಗಿ ವರ್ಷಕ್ಕೊಮ್ಮೆ 'ಆವಿಷ್ಕಾರ' ಎಂಬ ಸಂಶೋಧನಾ ಸಮ್ಮೇಳನ ಜರಗುತ್ತಿದೆ. ಇದು ಆರಂಭವಾದುದು 2006ರಲ್ಲಿ. ಆಗ ಆ ರಾಜ್ಯದ ರಾಜ್ಯಪಾಲರೂ ವಿಶ್ವವಿದ್ಯಾಲಯಗಳ ಕುಲಾಧಿಪತಿಗಳೂ ಆಗಿದ್ದವರು ಕನ್ನಡಿಗರಾದ ಎಸ್. ಎಂ. ಕೃಷ್ಣ ಅವರು. ಪದವಿ, ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳು ತಮ್ಮ ಅಧ್ಯಯನದ ಸಾರವನ್ನು ಒಂದು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಫಲಕಕ್ಕೆ ತೂಗುತ್ತಾರೆ; ಪಕ್ಕದಲ್ಲಿ ನಿಂತು ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಭಾಷೆ, ವಾಣಿಜ್ಯ, ವಿಜ್ಞಾನ, ಕೃಷಿ, ಎಂಜಿನಿಯರಿಂಗ್, ವೈದ್ಯಕೀಯ ಎಂದು ವಿಭಾಗಗಳುಂಟು. ವಿಶ್ವವಿದ್ಯಾಲಯದ ಹಂತದಲ್ಲಿ ಗೆದ್ದವರು ರಾಜ್ಯದ ಹಂತಕ್ಕೆ ಹೋಗುತ್ತಾರೆ. ಸೊಲ್ಲಾಪುರ, ಅಕ್ಕಲಕೋಟೆಗಳ ಕಾಲೇಜುಗಳ ವಿದ್ಯಾರ್ಥಿಗಳಿಗೂ ಇದೇ ವೇದಿಕೆ.

ದೂರದ ಸೊಲ್ಲಾಪುರದ ಸುದ್ದಿ ಕಾಸರಗೋಡಿನವರಿಗೇಕೆ ಎಂದು ಓದುಗರು ಕೇಳಬಹುದು. 1967ರ ಮಹಾಜನ ವರದಿಯನ್ನು ನೆನಪಿಸಿಕೊಂಡರೆ ಸಾಕು. ಅಕ್ಕಲಕೋಟೆ ತಾಲೂಕನ್ನೂ ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಪ್ರದೇಶವನ್ನೂ ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿದ್ದು ಆ ಒಂದೇ ವರದಿ. ಎರಡೂ ಸೇರಲಿಲ್ಲ. ಅಲ್ಲಿಯ ಮಕ್ಕಳು ಮಹಾರಾಷ್ಟ್ರ ಸರಕಾರ ಅಚ್ಚು ಹಾಕಿಸಿದ ಕನ್ನಡ ಪಠ್ಯಪುಸ್ತಕ ಓದುತ್ತಾರೆ, ನಮ್ಮ ಮಕ್ಕಳು ಕೇರಳ ಸರಕಾರದ್ದನ್ನು. ಹತ್ತನೇ ತರಗತಿಯವರೆಗೆ ಕನ್ನಡ ಹೇಗೋ ಕೈಹಿಡಿದು ಬರುತ್ತದೆ, ಆಮೇಲೆ ಬಿಟ್ಟುಹೋಗುತ್ತದೆ. ಎಲ್ಲಿ ಬಿಟ್ಟುಹೋಗುತ್ತದೆ ಎಂಬುದನ್ನು ತಿಳಿಯಲು ಈ ಸಂಶೋಧನಾ ಫಲಕಗಳು ಒಳ್ಳೆಯ ಅಳತೆಗೋಲು.

ಸಮ್ಮೇಳನಗಳಲ್ಲಿ ಫಲಕ ತೂಗುವ ಪದ್ಧತಿ ಬಹಳ ಹಳೆಯದಲ್ಲ. 1969ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಸೇರಿದ ಯುರೋಪಿನ ಜೀವರಸಾಯನ ವಿಜ್ಞಾನಿಗಳ ಸಭೆಯಲ್ಲಿ ಅದು ಬಳಕೆಗೆ ಬಂತು. 1974ರಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡಿತು. ಭಾಷಣ ಮಾಡಬಯಸುವವರು ಹೆಚ್ಚಾದರು, ಸಮಯ ಸಾಲದಾಯಿತು. ಅದಕ್ಕೆ ಕಂಡುಕೊಂಡ ಉಪಾಯವಿದು. ಆದರೆ ಉಪಾಯದಿಂದ ಬೇರೊಂದು ಲಾಭವಾಯಿತು. ವೇದಿಕೆ ಹತ್ತಲು ಅಂಜುವ ಹಳ್ಳಿಯ ವಿದ್ಯಾರ್ಥಿಯೂ ಫಲಕದ ಬಳಿ ನಿಂತು ಒಬ್ಬೊಬ್ಬರೊಡನೆ ಮಾತನಾಡಬಲ್ಲ. ಫಲಕಕ್ಕೆ ಬೇಕಾದುದು ಒಂದೇ ಗುಣ: ನಿಂತು ನೋಡುವವನಿಗೆ ಐದು ನಿಮಿಷದಲ್ಲಿ ವಿಷಯ ತಿಳಿಯಬೇಕು. ಪುಟಗಟ್ಟಲೆ ಬರಹ ತುಂಬುವ ಬದಲು ಮುಖ್ಯ ಸಂಗತಿಯನ್ನು ನಡುವೆ ಸರಳ ಮಾತಿನಲ್ಲಿ, ದಪ್ಪಕ್ಷರದಲ್ಲಿ ಬರೆಯಿರಿ ಎಂದು ಅಮೆರಿಕದ ಸಂಶೋಧನಾರ್ಥಿ ಮೈಕ್ ಮಾರಿಸನ್ 2019ರಲ್ಲಿ ಸೂಚಿಸಿದ್ದು ಹಲವು ದೇಶಗಳಲ್ಲಿ ಮೆಚ್ಚುಗೆ ಪಡೆಯಿತು.

ಸರಳ ಮಾತು ಎಂದರೆ ಯಾರ ಮಾತು? ಪ್ರಶ್ನೆ ಇರುವುದು ಇಲ್ಲಿಯೇ. ಸೊಲ್ಲಾಪುರ ವಿಶ್ವವಿದ್ಯಾಲಯ 2004ರಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದಿಂದ ಬೇರೆಯಾಗಿ, ಒಂದೇ ಜಿಲ್ಲೆಗೆಂದು ಸ್ಥಾಪನೆಯಾಯಿತು. 2019ರಿಂದ ಅದಕ್ಕೆ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ್ ಅವರ ಹೆಸರಿದೆ. ಒಂದು ಜಿಲ್ಲೆಗೊಂದು ವಿಶ್ವವಿದ್ಯಾಲಯವೆಂದರೆ ಆ ಜಿಲ್ಲೆಯ ನೆಲ, ಜಲ, ಜನರನ್ನು ಕುರಿತ ಅಧ್ಯಯನ ಅಲ್ಲಿ ಮೊದಲು ನಡೆಯಬೇಕು. ಆ ಜಿಲ್ಲೆಯ ಜನರಲ್ಲಿ ಮರಾಠಿಗರೊಂದಿಗೆ ಕನ್ನಡಿಗರೂ ತೆಲುಗರೂ ಉರ್ದು ಮಾತನಾಡುವವರೂ ಇದ್ದಾರೆ. ಆದರೆ ವಿಜ್ಞಾನದ ಫಲಕಗಳು ಇಂಗ್ಲಿಷಿನಲ್ಲಿ, ಉಳಿದವು ಹೆಚ್ಚಾಗಿ ಇಂಗ್ಲಿಷ್ ಇಲ್ಲವೆ ಮರಾಠಿಯಲ್ಲಿ ಇರುವುದೇ ರೂಢಿ.

ಕನ್ನಡಕ್ಕೆ ಅಲ್ಲಿ ಸ್ಥಾನವೇ ಇಲ್ಲವೆಂದಲ್ಲ. ಸೊಲ್ಲಾಪುರದ ಸಂಗಮೇಶ್ವರ ಕಾಲೇಜಿನಲ್ಲೂ ಅಕ್ಕಲಕೋಟೆಯ ಖೇಡಗಿ ಕಾಲೇಜಿನಲ್ಲೂ ಕನ್ನಡ ವಿಭಾಗಗಳಿವೆ. ಸಿದ್ಧರಾಮೇಶ್ವರರ ಊರಿನಲ್ಲಿ ವಚನ ಸಾಹಿತ್ಯದ ಅಧ್ಯಯನಕ್ಕೆ ವಿಷಯದ ಕೊರತೆಯಿಲ್ಲ. ಜಿಲ್ಲೆಯ ಶಾಸನಗಳನ್ನು ಆನಂದ ಕುಂಭಾರರು ಊರೂರು ಅಲೆದು ಹುಡುಕಿ, ವಿದ್ವಾಂಸ ಶ್ರೀನಿವಾಸ ರಿತ್ತಿಯವರೊಂದಿಗೆ 1988ರಲ್ಲಿ ಗ್ರಂಥರೂಪದಲ್ಲಿ ಹೊರತಂದರು. ಅಂಥ ಕೆಲಸಕ್ಕೆ ಎಲ್ಲರೂ ತಲೆಬಾಗಬೇಕು. ಆದರೆ ಕನ್ನಡವೆಂದರೆ ಸಾಹಿತ್ಯ ಮತ್ತು ಶಾಸನ ಮಾತ್ರ ಎಂಬ ಭಾವನೆ ಬೇರೂರಿದರೆ ಅದು ಅಪಾಯ. ರಸಾಯನ ಶಾಸ್ತ್ರ ಓದುವ ಅಕ್ಕಲಕೋಟೆಯ ಹುಡುಗಿಯ ಮನೆಮಾತೂ ಕನ್ನಡವೇ.

ಒಂದು ಉದಾಹರಣೆ ನೋಡೋಣ. ಸೊಲ್ಲಾಪುರ ಜಿಲ್ಲೆ ದಾಳಿಂಬೆಗೆ ಹೆಸರಾದುದು. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಲ್ಲಿ ಸ್ಥಾಪನೆಯಾದುದೂ ಅಲ್ಲಿಯೇ. ಈ ಬೆಳೆಯನ್ನು ಕಾಡುವ ದುಂಡಾಣು ರೋಗಕ್ಕೆ ಅಲ್ಲಿಯ ರೈತರು 'ತೇಲ್ಯಾ' ಎನ್ನುತ್ತಾರೆ. ಕಾಯಿಯ ಮೇಲೆ ಎಣ್ಣೆ ಬಿದ್ದಂತೆ ಕಲೆ ಏಳುವುದರಿಂದ ಆ ಹೆಸರು. ಫಲಕದಲ್ಲಿ ಅದೇ ರೋಗ ಕ್ಸಾಂಥೊಮೊನಾಸ್ ಎಂಬ ಹೆಸರಿನಲ್ಲಿರುತ್ತದೆ. ವಿದ್ಯಾರ್ಥಿ ಮಾದರಿ ಎಲೆ ತಂದದ್ದು ರೈತನ ತೋಟದಿಂದ, ಪ್ರಶ್ನೆ ಕೇಳಿದ್ದು ರೈತನ ಭಾಷೆಯಲ್ಲಿ. ಉತ್ತರ ಮಾತ್ರ ರೈತನಿಗೆ ಓದಲು ಬಾರದ ಭಾಷೆಯಲ್ಲಿ, ಅವನು ಕಾಲಿಡದ ಸಭಾಂಗಣದಲ್ಲಿ ತೂಗಾಡಿ ಸಂಜೆಗೆ ಸುರುಳಿಯಾಗುತ್ತದೆ.

ಇದರ ಬೆಲೆ ಏನೆಂಬುದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಎಣ್ಮಕಜೆಯ ಪಡ್ರೆಯಲ್ಲಿ ಎಂಡೋಸಲ್ಫಾನಿನ ಹಾನಿಯನ್ನು ಮೊದಲು ಗುರುತಿಸಿದವರಲ್ಲಿ ಪ್ರಮುಖರು ಅದೇ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಮತ್ತು ಪತ್ರಕರ್ತ ಶ್ರೀ ಪಡ್ರೆ. ಹಳ್ಳಿಯವರೊಡನೆ ಹಳ್ಳಿಯ ಮಾತಿನಲ್ಲಿ ಮಾತನಾಡಬಲ್ಲವರಿಗೆ ಮನೆಮನೆಯ ಕಾಯಿಲೆ ಒಂದಕ್ಕೊಂದು ಜೋಡಿಸಿ ಕಂಡಿತು. ದೊಡ್ಡ ಸಂಸ್ಥೆಗಳು ಬಂದುದು ಆಮೇಲೆ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆಯಿತು. ಜನರ ಭಾಷೆ ಬಲ್ಲವನು ಸಂಶೋಧನೆಗೆ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇದಕ್ಕೆ ಆಕ್ಷೇಪವೂ ಉಂಟು. ವಿಜ್ಞಾನ ಲೋಕದ ಭಾಷೆ ಇಂಗ್ಲಿಷ್. ಪರೀಕ್ಷಕನಿಗೆ ಕನ್ನಡ ಬಾರದು. ಕನ್ನಡಕ್ಕೆ ಜೋತುಬಿದ್ದರೆ ನಮ್ಮ ಮಕ್ಕಳು ಹಿಂದೆ ಬೀಳುತ್ತಾರೆ ಎಂದು ಹೆತ್ತವರೇ ಹೇಳುತ್ತಾರೆ. ಈ ಭಯ ಸುಳ್ಳಲ್ಲ. ಕೆಲಸದ ಪೇಟೆಯಲ್ಲಿ ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳು ಪಡುವ ಪಾಡನ್ನು ಬಲ್ಲ ಯಾರೂ ಇದನ್ನು ತಳ್ಳಿಹಾಕಲಾರರು. ಆದ್ದರಿಂದ ಇಂಗ್ಲಿಷ್ ಫಲಕವನ್ನು ಕಿತ್ತುಹಾಕಿ ಎಂದು ನಾವು ಹೇಳುತ್ತಿಲ್ಲ. ಅದರ ಜತೆಗೆ ಕನ್ನಡದಲ್ಲಿ ಇನ್ನೊಂದು ಸಣ್ಣ ಹಾಳೆ ಇರಲಿ ಎನ್ನುತ್ತೇವೆ.

ಕಾನೂನೂ ಇದಕ್ಕೆ ಅಡ್ಡಿಯಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಾತೃಭಾಷಾ ಶಿಕ್ಷಣವನ್ನು ಪ್ರಾಥಮಿಕ ಹಂತಕ್ಕೇ ನಿಲ್ಲಿಸುತ್ತದೆ, ನಿಜ. ಆದರೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗವೇ 2023ರಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ. ಸ್ಥಳೀಯ ಭಾಷೆ ಎಂದರೆ ರಾಜ್ಯಭಾಷೆ ಮಾತ್ರವೋ, ಆ ಸ್ಥಳದ ಜನರ ಭಾಷೆಯೋ? ಅಕ್ಕಲಕೋಟೆಯಲ್ಲೂ ಮಂಜೇಶ್ವರದಲ್ಲೂ ಕೇಳಬೇಕಾದ ಪ್ರಶ್ನೆ ಇದು.

ಇನ್ನೊಂದು ಸಂಗತಿ. 2016ರ ನಿಯಮದಂತೆ ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಎರಡು ಸಮ್ಮೇಳನಗಳಲ್ಲಿ ವಿಷಯ ಮಂಡಿಸುವುದು ಕಡ್ಡಾಯವಾಗಿತ್ತು. ಪ್ರಮಾಣಪತ್ರಕ್ಕಾಗಿಯೇ ಸಮ್ಮೇಳನಕ್ಕೆ ಹೋಗುವ ಚಾಳಿಗೆ ಇದೂ ಒಂದು ಕಾರಣ. 2022ರ ನಿಯಮದಲ್ಲಿ ಆ ಕಡ್ಡಾಯ ಹೋಯಿತು. ಈಗ ಫಲಕ ತೂಗುವವನು ಹೇಳಲು ಏನಾದರೂ ಇದ್ದರೆ ತೂಗಬಹುದು. ಕೇಳುವವರು ಯಾರೆಂದು ಯೋಚಿಸಲು ಇದೇ ತಕ್ಕ ಸಮಯ.

ಬೇಡಿಕೆ ದೊಡ್ಡದಲ್ಲ. ಸೊಲ್ಲಾಪುರದ ವಿಶ್ವವಿದ್ಯಾಲಯವಾಗಲಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯವಾಗಲಿ, ನಮ್ಮ ಸರಕಾರಿ ಕಾಲೇಜಾಗಲಿ, ವಿದ್ಯಾರ್ಥಿಯ ಫಲಕದೊಂದಿಗೆ ಅವನ ಮನೆಮಾತಿನಲ್ಲಿ ಒಂದು ಪುಟದ ಸಾರಾಂಶವನ್ನು ಕೇಳಿ ಪಡೆಯಲಿ. ಸಮ್ಮೇಳನ ಮುಗಿದ ಮೇಲೆ ಅದನ್ನು ಹತ್ತಿರದ ಕನ್ನಡ ಶಾಲೆ, ಗ್ರಂಥಾಲಯ, ಪಂಚಾಯತಿ ಕಚೇರಿಗಳಲ್ಲಿ ಅಂಟಿಸಲಿ. ಇದಕ್ಕೆ ಸರಕಾರದ ಅನುದಾನವೂ ಬೇಕಾಗಿಲ್ಲ, ಗಡಿ ಬದಲಾಗಬೇಕಾಗಿಯೂ ಇಲ್ಲ. ಕಾಲೇಜಿಗೆ ಮಕ್ಕಳನ್ನು ಕಳುಹಿಸಿರುವ ಹೆತ್ತವರು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನೀನು ಮಾಡಿದ ಅಧ್ಯಯನವೇನೆಂದು ಅಜ್ಜಿಗೆ ತಿಳಿಯುವಂತೆ ಕನ್ನಡದಲ್ಲಿ ಒಮ್ಮೆ ಹೇಳು ಎಂದು ಮಕ್ಕಳನ್ನು ಇಂದೇ ಕೇಳಬಹುದು.