ಸೈನ್ಯವಿಲ್ಲದ ದೇಶಕ್ಕೆ ನಾಲ್ವರು ಕಾವಲುಗಾರರು

ಮಕ್ಕಳೇ, ಈ ವಾರ ಅಟ್ಲಾಸ್ ತೆಗೆದು ಯುರೋಪಿನ ಪುಟ ಹುಡುಕಿ. ಬ್ರಿಟನ್ನಿಗೆ ವಾಯವ್ಯದಲ್ಲಿ, ಕಡಲಿನ ನಡುವೆ, ಆರ್ಕ್‌ಟಿಕ್ ವೃತ್ತಕ್ಕೆ ತಲೆ ತಾಗಿಸಿಕೊಂಡಂತೆ ಒಂದು ದ್ವೀಪ ಕಾಣುತ್ತದೆ. ಅದೇ ಐಸ್‌ಲ್ಯಾಂಡ್. ಹೆಸರಿನಲ್ಲಿ ಹಿಮವಿದೆ, ನೆಲದೊಳಗೆ ಬೆಂಕಿಯಿದೆ. ಇಡೀ ದೇಶದ ಜನಸಂಖ್ಯೆ 4 ಲಕ್ಷದ ಆಸುಪಾಸು. ಆ ದೇಶಕ್ಕೆ ಭೂಸೇನೆ ಇಲ್ಲ, ನೌಕಾಪಡೆ ಇಲ್ಲ, ವಾಯುಪಡೆಯೂ ಇಲ್ಲ. ಪೊಲೀಸರು ಮತ್ತು ಕರಾವಳಿ ಕಾವಲು ಪಡೆಯವರು ಮಾತ್ರ ಇದ್ದಾರೆ.

ಹಾಗಾದರೆ ದೇಶವನ್ನು ಕಾಯುವವರು ಯಾರು? ಈ ಪುಟ ಓದುತ್ತಿರುವ ತಾತಂದಿರು ಕೂಡಲೇ, “ನ್ಯಾಟೋ ಒಕ್ಕೂಟ” ಅಂದುಬಿಡುತ್ತಾರೆ. ತಪ್ಪಲ್ಲ. 1949ರಲ್ಲಿ ಆ ಒಕ್ಕೂಟ ಕಟ್ಟಿದ ದೇಶಗಳಲ್ಲಿ ಐಸ್‌ಲ್ಯಾಂಡೂ ಒಂದು. ಆದರೆ ಆ ದೇಶದ ಲಾಂಛನವನ್ನು ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ನಡುವೆ ಬಾವುಟದ ಬಣ್ಣದ ಗುರಾಣಿ. ಅದರ ಸುತ್ತ ಒಂದು ಗೂಳಿ, ಒಂದು ದೈತ್ಯ ಹಕ್ಕಿ, ಒಂದು ಡ್ರ್ಯಾಗನ್, ಕೈಯಲ್ಲಿ ಕೋಲು ಹಿಡಿದ ಒಬ್ಬ ಬೆಟ್ಟದ ರಾಕ್ಷಸ. ನಮ್ಮ ಹಳ್ಳಿಗಳಲ್ಲಿ ಊರ ಗಡಿ ಕಾಯುವ ದೈವಗಳಿವೆ ಎನ್ನುತ್ತಾರಲ್ಲ, ಹಾಗೆಯೇ ಇವರು ಆ ನಾಡಿನ ನಾಲ್ಕು ದಿಕ್ಕು ಕಾಯುವವರು.

ತಿಮಿಂಗಿಲವಾಗಿ ಬಂದ ಮಾಂತ್ರಿಕ

ಈ ನಾಲ್ವರ ಕಥೆಯನ್ನು 13ನೇ ಶತಮಾನದಲ್ಲಿ ಸ್ನೋರಿ ಸ್ಟರ್ಲುಸನ್ ಎಂಬ ಪಂಡಿತ ಬರೆದಿಟ್ಟಿದ್ದಾನೆ. ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಎಂಬ ರಾಜನಿದ್ದ. ‘ನೀಲಿಹಲ್ಲು’ ಎಂದು ಅವನ ಅಡ್ಡಹೆಸರು. ನಿಮ್ಮ ಮನೆಯ ಮೊಬೈಲಿನಲ್ಲಿ ಬ್ಲೂಟೂತ್ ಇದೆಯಲ್ಲ, ಆ ಹೆಸರು ಬಂದದ್ದು ಇದೇ ರಾಜನಿಂದ! ಒಡೆದುಹೋದ ಐಸ್‌ಲ್ಯಾಂಡಿನ ಹಡಗೊಂದರ ಸಾಮಾನನ್ನು ಇವನ ಅಧಿಕಾರಿ ಕಿತ್ತುಕೊಂಡ. ಐಸ್‌ಲ್ಯಾಂಡಿನವರಿಗೆ ಸಿಟ್ಟು ಬಂತು. ಯುದ್ಧ ಮಾಡಲು ಬಲವೆಲ್ಲಿದೆ? ತಲೆಗೊಂದರಂತೆ ರಾಜನನ್ನು ಹಂಗಿಸುವ ಪದ್ಯ ಕಟ್ಟಬೇಕೆಂದು ಕಾನೂನನ್ನೇ ಮಾಡಿದರಂತೆ.

ರಾಜ ಕೆರಳಿದ. ದ್ವೀಪದ ಮೇಲೆ ದಂಡೆತ್ತಿ ಹೋಗುವ ಮೊದಲು ನೋಡಿ ಬಾ ಎಂದು ಒಬ್ಬ ಮಾಂತ್ರಿಕನನ್ನು ಕಳಿಸಿದ. ಅವನು ತಿಮಿಂಗಿಲದ ರೂಪ ತಾಳಿ ಈಜುತ್ತ ಬಂದ. ಪೂರ್ವದ ಕೊಲ್ಲಿಯೊಂದಕ್ಕೆ ನುಗ್ಗಿದರೆ ಡ್ರ್ಯಾಗನ್ ಒಂದು ಹಾವು, ಕಪ್ಪೆಗಳ ಹಿಂಡಿನೊಡನೆ ವಿಷ ಕಾರುತ್ತ ಇಳಿದು ಬಂತು. ಉತ್ತರಕ್ಕೆ ಹೋದರೆ ಎರಡೂ ಬದಿಯ ಬೆಟ್ಟಗಳಿಗೆ ರೆಕ್ಕೆ ತಾಗುವಷ್ಟು ದೊಡ್ಡ ಹಕ್ಕಿ. ಪಶ್ಚಿಮದಲ್ಲಿ ಗೂಳಿಯೊಂದು ಗುಟುರು ಹಾಕುತ್ತ ಕಡಲಿಗೇ ಇಳಿಯಿತು. ದಕ್ಷಿಣದಲ್ಲಿ ಕಬ್ಬಿಣದ ಕೋಲು ಹಿಡಿದ ರಾಕ್ಷಸ. ಅವನ ತಲೆ ಬೆಟ್ಟಕ್ಕಿಂತ ಮೇಲೆ! ಮಾಂತ್ರಿಕ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದ. ರಾಜನೂ ದಂಡಯಾತ್ರೆ ಕೈಬಿಟ್ಟ.

ಇದು ಕಥೆ, ಇತಿಹಾಸವಲ್ಲ. ಆದರೆ ಐಸ್‌ಲ್ಯಾಂಡಿನ ನಾಣ್ಯ ಸಿಕ್ಕರೆ ತಿರುಗಿಸಿ ನೋಡಿ. ಒಂದು ಬದಿಯಲ್ಲಿ ಈ ಕಾವಲುಗಾರರು, ಇನ್ನೊಂದು ಬದಿಯಲ್ಲಿ ಕಡಲಿನ ಜೀವಿಗಳು. 1 ಕ್ರೋನಾ ನಾಣ್ಯದ ಮೇಲೆ ರಾಕ್ಷಸನೂ ಕಾಡ್ ಮೀನೂ ಬೆನ್ನಿಗೆ ಬೆನ್ನು ಕೊಟ್ಟಿವೆ. ಒಬ್ಬ ನಾಡು ಕಾಯುವವನು, ಇನ್ನೊಂದು ನಾಡಿಗೆ ಅನ್ನ ಕೊಟ್ಟದ್ದು. 1903ರವರೆಗೆ ದೇಶದ ಲಾಂಛನದಲ್ಲಿದ್ದದ್ದೂ ಕಿರೀಟದ ಕೆಳಗಿನ ಒಂದು ಕಾಡ್ ಮೀನೇ! ಆಮೇಲೆ ಗಿಡುಗ ಬಂತು. ನಾಲ್ವರು ಕಾವಲುಗಾರರು ಬಂದದ್ದು 1919ರಲ್ಲಿ.

ಬಾಯಿಪಾಠದ ಕಾನೂನು

ಮಗ್ಗಿ ಬಾಯಿಪಾಠ ಮಾಡಲು ಬೇಸರ ಪಡುವವರು ಇದನ್ನು ಕೇಳಿ. 930ರಲ್ಲಿ ಈ ದ್ವೀಪದ ಜನ ಥಿಂಗ್‌ವೆಲ್ಲಿರ್ ಎಂಬ ಬಂಡೆಗಳ ಬಯಲಿನಲ್ಲಿ ಸೇರಿ ‘ಆಲ್ಥಿಂಗ್’ ಎಂಬ ಸಭೆ ಆರಂಭಿಸಿದರು. ಇವತ್ತಿನ ಅವರ ಸಂಸತ್ತಿಗೂ ಅದೇ ಹೆಸರು. ಆಗ ಕಾನೂನಿನ ಪುಸ್ತಕ ಇರಲಿಲ್ಲ. ‘ಕಾನೂನು ಹೇಳುವವನು’ ಎಂಬ ಒಬ್ಬನನ್ನು 3 ವರ್ಷಕ್ಕೆ ಆರಿಸುತ್ತಿದ್ದರು. ಅವನು ಪ್ರತಿ ಬೇಸಿಗೆಯಲ್ಲಿ ‘ಕಾನೂನಿನ ಬಂಡೆ’ಯ ಬಳಿ ನಿಂತು ಕಾನೂನಿನ ಮೂರನೇ ಒಂದು ಭಾಗವನ್ನು ನೆನಪಿನಿಂದಲೇ ಗಟ್ಟಿಯಾಗಿ ಹೇಳಬೇಕು. 3 ವರ್ಷಕ್ಕೆ ಇಡೀ ಕಾನೂನು ಜನರ ಕಿವಿಗೆ ಬಿದ್ದಿರುತ್ತಿತ್ತು. ಬರವಣಿಗೆಗೆ ಇಳಿಸಲು ಶುರುಮಾಡಿದ್ದು 1117ರ ಚಳಿಗಾಲದಲ್ಲಿ.

ಆ ಹಳೆಯ ಕಾನೂನುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಒಂದಿದೆ. ಹಡಗಿನ ಮೂತಿಗೆ ಬಾಯಿ ತೆರೆದ ಡ್ರ್ಯಾಗನ್ ತಲೆ ಕಟ್ಟಿಕೊಂಡು ಬರುವವರು, ದಡ ಕಾಣುವ ಮೊದಲೇ ಅದನ್ನು ಕಳಚಿಡಬೇಕು. ಯಾಕೆ ಗೊತ್ತೇ? ನೆಲದ ಕಾವಲು ಜೀವಿಗಳು ಹೆದರಬಾರದು! ನಮ್ಮನ್ನು ಕಾಯುವವರನ್ನು ನಾವೂ ಕಾಯಬೇಕು ಎಂದಲ್ಲವೇ ಇದರ ಅರ್ಥ?

ಆದರೆ ಒಂದು ಕೊರತೆಯಿತ್ತು. ಸಭೆ ತೀರ್ಪು ಕೊಡುತ್ತಿತ್ತು, ಅದನ್ನು ಜಾರಿ ಮಾಡುವ ಸರ್ಕಾರ ಇರಲಿಲ್ಲ. ಗೆದ್ದವನೇ ಸೋತವನ ಬೆನ್ನು ಹತ್ತಬೇಕಿತ್ತು. ನಾಯಕರು ತಮ್ಮತಮ್ಮಲ್ಲೇ ಕಾದಾಡಿ ಬಳಲಿದರು. 1262ರಲ್ಲಿ ನಾರ್ವೆಯ ರಾಜನಿಗೆ ತಲೆಬಾಗಿದರು. ಮುಂದೆ ಡೆನ್ಮಾರ್ಕಿನ ಆಳ್ವಿಕೆ ಬಂತು. ಹೊರಗಿನ ತಿಮಿಂಗಿಲವನ್ನು ಓಡಿಸಿದವರು ಒಳಗಿನ ಜಗಳ ತಡೆಯಲಾರದೆ ಹೋದರು. 1800ರಲ್ಲಿ ಆಲ್ಥಿಂಗ್ ಕೂಡ ಮುಚ್ಚಿತು. ಮತ್ತೆ ಸೇರಿದ್ದು 1845ರಲ್ಲಿ. ಅದರ ಅಧಿಕಾರಕ್ಕಾಗಿ ಕತ್ತಿ ಹಿಡಿಯದೆ, ಹಳೆಯ ದಾಖಲೆಗಳನ್ನು ಮುಂದಿಟ್ಟು ವಾದಿಸಿದವರು ಯೋನ್ ಸಿಗುರ್ಡ್‌ಸನ್.

ದೋಣಿಯ ಮೇಲಿನ ಪುಟ್ಟ ಬಾವುಟ

1913ರ ಜೂನ್ 12. ಐನಾರ್ ಪೆಟುರ್ಸನ್ ಎಂಬ ಯುವಕ ರಾಜಧಾನಿ ರೇಕ್ಯವಿಕ್‌ನ ಬಂದರಿನಲ್ಲಿ ಪುಟ್ಟ ದೋಣಿ ಹುಟ್ಟುಹಾಕುತ್ತಿದ್ದ. ದೋಣಿಯ ಮೇಲೊಂದು ನೀಲಿ ಬಾವುಟ, ಅದರಲ್ಲಿ ಬಿಳಿ ಶಿಲುಬೆ. ಆಗ ಅಧಿಕೃತ ಬಾವುಟ ಡೆನ್ಮಾರ್ಕಿನದು. ಡೆನ್ಮಾರ್ಕಿನ ಕಾವಲು ಹಡಗಿನವರು ಅವನನ್ನು ತಡೆದು ಬಾವುಟ ಕಿತ್ತುಕೊಂಡರು. ಸುದ್ದಿ ಹಬ್ಬಿದ್ದೇ ತಡ, ಊರ ತುಂಬ ನೀಲಿ ಬಿಳಿ ಬಾವುಟಗಳು ಏರಿದವು. ಸಂಜೆ ಜನ ಸೇರಿ ಪ್ರತಿಭಟಿಸಿದರು. ಒಂದು ತುಂಡು ಬಟ್ಟೆ ಕಿತ್ತುಕೊಂಡದ್ದಕ್ಕೆ ನೂರು ಬಾವುಟ ಹಾರಿದಂತಾಯಿತು!

ಈ ಬಾವುಟ ಗ್ರೀಸ್ ದೇಶದ್ದನ್ನು ಹೋಲುತ್ತದೆ ಎಂಬ ಆಕ್ಷೇಪ ಬಂತು. ಹಾಗಾಗಿ ಬಿಳಿ ಶಿಲುಬೆಯ ಒಳಗೆ ಕೆಂಪು ಶಿಲುಬೆ ಸೇರಿತು. ನೀಲಿ ಎಂದರೆ ಬೆಟ್ಟಗಳು, ಬಿಳಿ ಎಂದರೆ ಹಿಮ, ಕೆಂಪು ಎಂದರೆ ಜ್ವಾಲಾಮುಖಿಯ ಬೆಂಕಿ ಎಂದು ಅಲ್ಲಿನ ಜನ ವಿವರಿಸುತ್ತಾರೆ. 1915ರ ಜೂನ್ 19ರಂದು ಡೆನ್ಮಾರ್ಕಿನ ರಾಜ 10ನೇ ಕ್ರಿಶ್ಚಿಯನ್ ಈ ಬಾವುಟಕ್ಕೆ ಒಪ್ಪಿಗೆ ಕೊಟ್ಟ. ಅಜ್ಜಿಯರೇ, ಅದೇ ದಿನ ಅವನು ಇನ್ನೊಂದಕ್ಕೂ ಸಹಿ ಹಾಕಿದ. ಹೆಂಗಸರಿಗೂ ಸಂಸತ್ತಿನ ಚುನಾವಣೆಯಲ್ಲಿ ಮತದ ಹಕ್ಕು ಬಂತು. ಆದರೆ 40 ವರ್ಷ ದಾಟಿದವರಿಗೆ ಮಾತ್ರ. ಆ ವಯಸ್ಸಿನ ಕಟ್ಟು ಹೋದದ್ದು 1920ರಲ್ಲಿ.

ಈ ಬಾವುಟಕ್ಕೆ ಒಂದು ವಿಚಿತ್ರ ನಿಯಮವಿದೆ. ಬೆಳಿಗ್ಗೆ 7ಕ್ಕಿಂತ ಮೊದಲು ಏರಿಸುವಂತಿಲ್ಲ, ಸೂರ್ಯ ಮುಳುಗುವಾಗ ಇಳಿಸಬೇಕು. ಅಲ್ಲಿ ಜೂನಿನಲ್ಲಿ ನಡುರಾತ್ರಿಯಾದರೂ ಸೂರ್ಯ ಮುಳುಗುವುದಿಲ್ಲವಲ್ಲ! ಅದಕ್ಕೇ ‘ಏನೇ ಆದರೂ ರಾತ್ರಿ 12 ದಾಟುವಂತಿಲ್ಲ’ ಎಂದು ಸೇರಿಸಿದ್ದಾರೆ.

ಮಳೆಯಲ್ಲಿ ಹುಟ್ಟಿದ ಗಣರಾಜ್ಯ

1944ರ ಜೂನ್ 17. ಯೋನ್ ಸಿಗುರ್ಡ್‌ಸನ್ ಹುಟ್ಟಿದ ದಿನ. ಸುರಿಯುವ ಮಳೆಯಲ್ಲೇ ಸಾವಿರಾರು ಜನ ಥಿಂಗ್‌ವೆಲ್ಲಿರ್‌ನಲ್ಲಿ ಸೇರಿದರು. ಪೂರ್ವಜರು ಕಾನೂನು ಕೇಳುತ್ತಿದ್ದ ಅದೇ ಜಾಗದಲ್ಲಿ ಐಸ್‌ಲ್ಯಾಂಡ್ ಗಣರಾಜ್ಯವಾಯಿತು. ಲಾಂಛನದ ಮೇಲಿದ್ದ ಕಿರೀಟ ಇಳಿಯಿತು. ಆಗ ಡೆನ್ಮಾರ್ಕ್ ಜರ್ಮನ್ ಸೈನ್ಯದ ಹಿಡಿತದಲ್ಲಿತ್ತು. ಅಂಥ ಕಷ್ಟದಲ್ಲೂ ಅದೇ 10ನೇ ಕ್ರಿಶ್ಚಿಯನ್ ರಾಜ ತಂತಿ ಕಳಿಸಿ ಹರಸಿದ. ತನ್ನ ಕೈಯಿಂದ ಜಾರಿಹೋದ ನಾಡಿಗೆ ಶುಭ ಕೋರುವುದಕ್ಕೆ ದೊಡ್ಡ ಮನಸ್ಸು ಬೇಕು.

ಇಂದು ಆಲ್ಥಿಂಗ್‌ನಲ್ಲಿ 63 ಸದಸ್ಯರು. ಪ್ರಧಾನಿಯೇ ಸರ್ಕಾರ ನಡೆಸುವುದು. ಅವರ ಕಚೇರಿಯ ಬಿಳಿ ಕಟ್ಟಡವನ್ನು 18ನೇ ಶತಮಾನದಲ್ಲಿ ಕಟ್ಟಿದ್ದು ಜೈಲಾಗಿ! ಅಧ್ಯಕ್ಷರನ್ನು ಜನರೇ 4 ವರ್ಷಕ್ಕೊಮ್ಮೆ ನೇರವಾಗಿ ಆರಿಸುತ್ತಾರೆ. ಸಂಸತ್ತು ಮಾಡಿದ ಕಾನೂನಿಗೆ ಅಧ್ಯಕ್ಷರು ಸಹಿ ಹಾಕದಿದ್ದರೆ, ಅದು ಜನರ ಮತಕ್ಕೆ ಹೋಗುತ್ತದೆ. 2010ರಲ್ಲಿ ಹೀಗೇ ಆಯಿತು. ದಿವಾಳಿಯಾದ ಖಾಸಗಿ ಬ್ಯಾಂಕೊಂದರ ವಿದೇಶಿ ಸಾಲದ ಹೊರೆಯನ್ನು ನಾವು ಹೊರಬೇಕೇ ಎಂಬ ಪ್ರಶ್ನೆಗೆ ಜನ ಬಹುಮತದಿಂದ ‘ಬೇಡ’ ಎಂದರು. 1980ರಲ್ಲಿ ಇದೇ ಜನ ವಿಗ್ಡಿಸ್ ಫಿನ್‌ಬೊಗಾಡೊಟಿರ್ ಅವರನ್ನು ಆರಿಸಿದರು. ಜನರ ಮತದಿಂದ ಒಂದು ದೇಶದ ಅಧ್ಯಕ್ಷೆಯಾದ ಜಗತ್ತಿನ ಮೊದಲ ಮಹಿಳೆ ಅವರು. 16 ವರ್ಷ ಆ ಹುದ್ದೆಯಲ್ಲಿದ್ದರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಗೂಳಿ, ಹಕ್ಕಿ, ಡ್ರ್ಯಾಗನ್, ರಾಕ್ಷಸ ನಿಜವಾಗಿ ದೇಶ ಕಾಯುತ್ತಾರೆಯೇ? ಇಲ್ಲ. ಆದರೆ ಕಥೆ ಮರೆಯದವರು, ಕಾನೂನು ಮರೆಯದವರು, ಕಿತ್ತುಕೊಂಡ ಬಾವುಟವನ್ನು ಮರುದಿನವೂ ನೆನಪಿಟ್ಟವರು ಕಾಯುತ್ತಾರೆ. ಚಿಕ್ಕ ದೇಶದ ದೊಡ್ಡ ಬಲ ಅದೇ ಎಂದು ನನಗನ್ನಿಸುತ್ತದೆ.

ಈ ವಾರದ ಕೆಲಸ: ನಿಮ್ಮ ಊರಿಗೊಂದು ಲಾಂಛನ ಬರೆಯಿರಿ. ನಾಲ್ಕು ದಿಕ್ಕಿಗೆ ನಾಲ್ವರು ಕಾವಲುಗಾರರು ಬೇಕು. ಬೆಟ್ಟ, ಕೆರೆ, ಮರ, ಪ್ರಾಣಿ, ಯಾವುದಾದರೂ ಆಗಬಹುದು. ಆದರೆ ಪ್ರತಿಯೊಂದಕ್ಕೂ ಒಂದು ಕಥೆ ಇರಬೇಕು. ಕಥೆ ಗೊತ್ತಿಲ್ಲವೇ? ಪಕ್ಕದಲ್ಲೇ ಕನ್ನಡಕ ಏರಿಸಿಕೊಂಡು ಇದನ್ನು ಓದುತ್ತಿರುವ ಅಜ್ಜನನ್ನೋ ಅಜ್ಜಿಯನ್ನೋ ಕೇಳಿ.