ಬೆನ್ನಿಗೆ ಸೂಜಿಯೋ, ಪೂರ್ತಿ ಅರಿವಳಿಕೆಯೋ?

ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಗೆ ಆಪರೇಷನ್ ಎಂದಕೂಡಲೇ ಮನೆಮಂದಿ ಹೇಳುವ ಮಾತೊಂದಿದೆ: ‘ಪೂರ್ತಿ ಅರಿವಳಿಕೆ ಬೇಡ ಡಾಕ್ಟ್ರೇ, ಆಮೇಲೆ ಏನೇನೋ ಬಡಬಡಿಸ್ತಾರೆ, ಬೆನ್ನಿಗೇ ಸೂಜಿ ಹಾಕಿ.’ ಈ ನಂಬಿಕೆ ವೈದ್ಯರಲ್ಲೂ ಬಹುಕಾಲ ಇತ್ತು. ಆದರೆ ಅಮೆರಿಕ, ಕೆನಡಾಗಳಲ್ಲಿ ಸೊಂಟ ಮುರಿದ 1,600 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ‘ರಿಗೇನ್’ ಅಧ್ಯಯನದಲ್ಲಿ ಆಪರೇಷನ್ ಆದಮೇಲೆ ಗೊಂದಲಕ್ಕೀಡಾದವರು ಬೆನ್ನಿನ ಸೂಜಿ, ಪೂರ್ತಿ ಅರಿವಳಿಕೆ ಎರಡೂ ಗುಂಪಿನಲ್ಲಿ ಶೇ 20ರ ಆಸುಪಾಸು. ಮರುವರ್ಷ ಬಂದ ಚೀನಾದ ಅಧ್ಯಯನದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಅಂದಮೇಲೆ ಕಣ್ಣಿಡಬೇಕಾದದ್ದು ಥಿಯೇಟರಿಗಿಂತ ಹೆಚ್ಚಾಗಿ ವಾರ್ಡಿನ ಮೇಲೆ. ಆಪರೇಷನ್‌ಗೆ ಮುಂಚೆ ತೆಗೆದ ಕನ್ನಡಕ, ಕಿವಿಯ ಮಷಿನ್, ಹಲ್ಲಿನ ಸೆಟ್ಟು ಚೀಲ ಸೇರಿ ಮನೆಗೆ ಹೋಗಿಬಿಟ್ಟರೆ ಹಿರಿಯರು ದಿಕ್ಕು ತಪ್ಪದೆ ಇನ್ನೇನು? ನೋವು ಇಳಿಸದೆ, ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಸಿ, ಮೇಲಿಂದ ನಿದ್ದೆ ಮಾತ್ರೆ ನುಂಗಿಸುವುದು ಇನ್ನೂ ಕೆಟ್ಟದ್ದು. ಕೂಗಾಡುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ. ಗೋಡೆಗೆ ಮುಖಮಾಡಿ ಸುಮ್ಮನೆ ಮಲಗಿದವರಿಗೂ ಇದೇ ತೊಂದರೆ ಇರಬಹುದೆಂದು ಬೇಗ ಹೊಳೆಯುವುದಿಲ್ಲ.

ಬೆನ್ನಿನ ಸೂಜಿಗೆ ಬೇರೆ ಕಾರಣಗಳಿರಬಹುದು, ಅದನ್ನು ಅರಿವಳಿಕೆ ತಜ್ಞರು ನಿರ್ಧರಿಸಲಿ. ರಾತ್ರಿ ಹೊತ್ತು ಮನೆಯವರೊಬ್ಬರನ್ನು ಹಾಸಿಗೆ ಪಕ್ಕ ಕೂರಲು ಬಿಡದ ಆಸ್ಪತ್ರೆಗಳು ಮಾತ್ರ ಆ ನಿಯಮವನ್ನು ಕೂಡಲೇ ಸಡಿಲಿಸಬೇಕು.